ಆರನೆಯ ಪುಟ

ಬ್ಯಾಂಕಿನ ಮ್ಯಾನೇಜರ್ ಮೇಡಂ ಮೊದಲ ಪುಟ ಓದಿ ಮುಗಿಸಿ ಪೆನ್ಸಿಲು ಕೈಗೆತ್ತಿಕೊಂಡರು. ‘ಕಡುಬಡತನದ ನಿಮಿತ್ತ’ ಎಂಬಲ್ಲಿ ಒಂದು ಸುತ್ತು ಹಾಕಿದರು. ಎರಡನೆಯ ಪುಟದ ‘ತಾವು ದೊಡ್ಡ ಮನಸ್ಸು ಮಾಡಿ’ ಎಂಬುದಕ್ಕೂ ಒಂದು ಸುತ್ತು ಬಿತ್ತು. ಕೊನೆಯ ಪುಟದ ‘ಕೃಪೆದೋರಿ ಕೈಹಿಡಿದು ಕಾಪಾಡಬೇಕಾಗಿ’ ಎಂಬಲ್ಲಿಗೆ ಬಂದಾಗ ಪೆನ್ಸಿಲು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು, ಸುತ್ತು ಹಾಕುವ ಉತ್ಸಾಹವೂ ಇಲ್ಲದೆ ಮೇಜಿನ ಮೇಲೆ ಮಲಗಿತು.

“ಇದನ್ನ ಬರೆದವರು ಯಾರು?”

“ನಾನೇ ಮೇಡಂ,” ಎಂದ ಅರ್ಜಿರಾಯ. ಹೇಳುವಾಗ ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಆಗದೇ ಏನು? ಕಚೇರಿಗಳ ಬೀದಿಯಲ್ಲಿ ಮೂವತ್ತೊಂದು ವರ್ಷದಿಂದ ಅವನ ಟೈಪಿಂಗ್ ಅಂಗಡಿ ಇತ್ತು. ಜನ ಎದುರಿಗೆ ‘ಅರ್ಜಿರಾಯರೇ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ರು’ ಬಿಟ್ಟುಬಿಡುತ್ತಿದ್ದರು, ನಾವೂ ಬಿಡೋಣ. ನಲ್ಲಿಯಲ್ಲಿ ನೀರು ಬಾರದವರು, ಪಿಂಚಣಿ ನಿಂತವರು, ವರ್ಗಾವಣೆ ಬೇಕಾದವರು, ವರ್ಗಾವಣೆ ಬೇಡವಾದವರು ಎಲ್ಲರೂ ಅವನಲ್ಲಿಗೇ ಬರುತ್ತಿದ್ದರು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ, ಇನ್ನು ಆಫೀಸಿನವರು ಕೊಡುತ್ತಾರೆಯೇ ಎಂಬುದು ಅವನ ವೃತ್ತಿಧರ್ಮ. ಕಾರಿನಲ್ಲಿ ಬಂದಿಳಿದ ಗಿರಾಕಿಯನ್ನೂ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನಿರ್ಗತಿಕನನ್ನಾಗಿ ಮಾಡಬಲ್ಲ ಕೈ ಅದು. ಟೈಪ್ ಮಿಷನ್ನು ಹೋಗಿ ಕಂಪ್ಯೂಟರು ಬಂದರೂ ಆ ಕೈಯ ಹದ ಕೆಟ್ಟಿರಲಿಲ್ಲ. ಹೆಂಡತಿ ಸ್ವಂತ ಔಷಧ ಅಂಗಡಿ ಇಡಬೇಕೆಂದು ಬ್ಯಾಂಕಿಗೆ ಹೊರಟಾಗ, ತನ್ನ ವೃತ್ತಿಯ ಸಾರವನ್ನೆಲ್ಲ ಹಿಂಡಿ ಅವನು ಈ ಮೂರು ಪುಟ ತಯಾರಿಸಿದ್ದ.

ಮೇಡಂ ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿಯ ಕಡೆ ತಿರುಗಿದರು. “ನೀವು ಓದಿದ್ರಾ ಇದನ್ನ?”

“ಇಲ್ಲ ಮೇಡಂ. ಅವರು ಬರೆದಿದ್ದನ್ನ ನಾನು ಓದಲ್ಲ, ನಾನು ಕೊಟ್ಟ ಮಾತ್ರೆ ಯಾಕೆ ಅಂತ ಅವರು ಕೇಳಲ್ಲ. ಇಪ್ಪತ್ತೆಂಟು ವರ್ಷ ಹೀಗೇ ಚೆನ್ನಾಗಿ ನಡ್ಕೊಂಡು ಬಂದಿದೆ.”

ಮೇಡಂ ನಗಲಿಲ್ಲ, ಆದರೆ ಕನ್ನಡಕ ತೆಗೆದರು. ನಿವೃತ್ತಿಗೆ ಹತ್ತಿರವಾದ, ಕೂದಲಿಗೆ ಬಣ್ಣ ಹಚ್ಚದ ಹೆಂಗಸು. “ಇದರಲ್ಲಿ ನಿಮ್ಮ ಅತ್ತೆಯ ಮಂಡಿನೋವಿದೆ. ಮನೆ ಸೋರೋದಿದೆ. ನಿಮ್ಮ ಯಜಮಾನರ ಕಣ್ಣಿನ ಪೊರೆ ಇದೆ. ಅಂಗಡಿ ಎಲ್ಲಿದೆ? ಇದು ಅರ್ಜಿ. ನಾನು ಕೇಳಿದ್ದು ವ್ಯಾಪಾರದ ಯೋಜನೆ. ಅಯ್ಯೋ ಪಾಪ ಅಂತ ಸಾಲ ಕೊಡೋ ಪದ್ಧತಿ ನಮ್ಮಲ್ಲಿಲ್ಲಮ್ಮ. ಅಂಗಡಿ ನಡೆಯುತ್ತೆ ಅಂತ ನಂಬಿಕೆ ಬಂದರೆ ಕೊಡ್ತೀವಿ.”

ಒಂದು ಚೀಟಿ ಎಳೆದುಕೊಂಡು ಅವರು ನಾಲ್ಕು ಸಾಲು ಬರೆದರು. ಬರುವವರು ಯಾರು. ಅವರಿಗೆ ಏನು ಮಾಡುತ್ತೀರಿ. ಬೇರೆಯವರು ಮಾಡದ್ದು ನಿಮ್ಮಲ್ಲಿ ಏನಿದೆ. ಏನು ಕೆಡಬಹುದು, ಕೆಟ್ಟರೆ ಏನು ಮಾಡುತ್ತೀರಿ. “ಮುಂದಿನ ಶುಕ್ರವಾರ ತನ್ನಿ. ಟೈಪು ನಿಮ್ಮ ಯಜಮಾನರೇ ಮಾಡಲಿ. ಮಾತು ಮಾತ್ರ ನಿಮ್ಮದಿರಲಿ.”

ಹೊರಗೆ ಬಂದ ಮೇಲೆ ಅರ್ಜಿರಾಯ ಬಸ್ ನಿಲ್ದಾಣದವರೆಗೂ ಹೆಂಡತಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಅವನ ಬರಹಕ್ಕೆ ಪೆನ್ಸಿಲು ತಾಗಿಸಿದವರು ಈ ಮೂವತ್ತೊಂದು ವರ್ಷದಲ್ಲಿ ಅವರೇ ಮೊದಲು.

ಅವಳಿಗೆ ಮಾತ್ರ ಸಿಟ್ಟು ಮಾಡಿಕೊಂಡು ಕೂರುವಷ್ಟು ಪುರುಸೊತ್ತು ಇರಲಿಲ್ಲ. ದೊಡ್ಡಾಸ್ಪತ್ರೆ ರಸ್ತೆಯ ಹಳೆಯ ಔಷಧ ಅಂಗಡಿಯಲ್ಲಿ ಅವಳು ಇಪ್ಪತ್ತನಾಲ್ಕು ವರ್ಷದಿಂದ ಫಾರ್ಮಸಿಸ್ಟು. ಸುತ್ತಲಿನ ನಾಲ್ಕು ಬೀದಿಗಳಿಗೆ ‘ಮಾತ್ರೆ ಅಕ್ಕ’. ಹೋದ ವರ್ಷ ಅಲ್ಲಿನ ಯಜಮಾನರು ತೀರಿಕೊಂಡರು. ಮಕ್ಕಳು ಅಂಗಡಿಯನ್ನು ದೊಡ್ಡದೊಂದು ಕಂಪನಿಗೆ ಮಾರಿದರು. ಕಂಪನಿಯವರು ಅವಳನ್ನು ಬಿಡಲಿಲ್ಲ. ಹೊಸ ಕೋಟು ಕೊಟ್ಟು ಎರಡು ದಿನ ತರಬೇತಿಗೆ ಕೂರಿಸಿದರು. ಔಷಧ ಕೇಳಿ ಬಂದವರ ಕೈಗೆ ಇನ್ನೊಂದು ಏನಾದರೂ ದಾಟಿಸಲೇಬೇಕು, ಟಾನಿಕ್ಕೋ ಪುಡಿಯೋ ಸೋಪೋ, ಅದೇ ತರಬೇತಿ. ಜ್ವರದ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ಮುಖಕ್ಕೆ ಹಚ್ಚುವ ಕ್ರೀಮನ್ನು ಹೇಗೆ ನೆನಪಿಸಬೇಕು ಎಂದು ಮೇಲ್ವಿಚಾರಕ ಅಭಿನಯಿಸಿ ತೋರಿಸಿದ. ಅವಳು ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಂದಳು. ಅದನ್ನು ಹಾಕಿಕೊಳ್ಳುವುದೋ ಹಿಂದಿರುಗಿಸುವುದೋ ಎಂದು ತಿಂಗಳ ಕೊನೆಯೊಳಗೆ ತಿಳಿಸಬೇಕಿತ್ತು.

ಹಿಂದಿರುಗಿಸಬೇಕಾದರೆ ಸ್ವಂತ ಅಂಗಡಿ ಬೇಕು. ಬಸ್ ಡಿಪೋ ಹಿಂದಿನ ಗಲ್ಲಿಯಲ್ಲಿ ಮುಚ್ಚಿಹೋದ ಬೇಕರಿಯೊಂದು ಖಾಲಿ ಇತ್ತು. ಅದರ ಒಡತಿಗೆ ಮಾತ್ರೆ ಅಕ್ಕನ ಮೇಲೆ ಪ್ರೀತಿ. ಆದರೆ ಪ್ರೀತಿಯೂ ತಿಂಗಳ ಕೊನೆಯವರೆಗೇ. ಮೊಬೈಲ್ ಅಂಗಡಿಯವನು ಆಗಲೇ ಎರಡು ಸಲ ಬಂದು ಗೋಡೆ ತಟ್ಟಿ ನೋಡಿ ಹೋಗಿದ್ದ. ಬ್ಯಾಂಕು ಹೂಂ ಅಂದರೆ ಬೇಕರಿ, ಊಹೂಂ ಅಂದರೆ ಕೋಟು. ನಡುವೆ ಬೇರೆ ದಾರಿ ಇರಲಿಲ್ಲ.

“ಐವತ್ತೆರಡು ವರ್ಷಕ್ಕೆ ಅಂಗಡಿ ಇಡ್ತೀಯಾ?” ಎಂದರು ಅತ್ತೆ, ಸುದ್ದಿ ಕೇಳಿ. ಆಮೇಲೆ ಸ್ವಲ್ಪ ಯೋಚಿಸಿ, “ಒಳ್ಳೇದೇ ಆಯ್ತು. ನನ್ನ ಮಾತ್ರೆ ಬಿಟ್ಟಿ ಬರುತ್ತೆ.”

“ಇಲ್ಲ ಅತ್ತೆ. ನಿಮಗೂ ಬಿಲ್ಲೇ.”

“ಹಾಗಾದ್ರೆ ನಡೆಯುತ್ತೆ ಬಿಡು,” ಎಂದು ಅತ್ತೆ ಗೋಡೆ ಕಡೆ ತಿರುಗಿ ಮಲಗಿದರು.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಟೈಪಿಂಗ್ ಅಂಗಡಿಗೆ ಬಂದು, ಗಿರಾಕಿಗಳು ನುಗ್ಗದಂತೆ ಬಾಗಿಲನ್ನು ಅರ್ಧ ಮಾತ್ರ ತೆರೆದು ಕುಳಿತರು. ಬಾಡಿಗೆ, ಕಪಾಟು, ಫ್ರಿಜ್ಜು, ಸರಕು ಎಂದು ಅಂಕಿಗಳ ಮೂರು ಪುಟ ಬೇಗ ಮುಗಿಯಿತು; ಅದು ಅವಳಿಗೆ ಬಾಯಿಪಾಠ. ಆಮೇಲೆ ಮೇಡಂ ಕೊಟ್ಟ ಚೀಟಿಯನ್ನು ಅವಳು ಕೀಬೋರ್ಡಿನ ಪಕ್ಕ ಇಟ್ಟಳು. ಅರ್ಜಿರಾಯ ಇನ್ನೂ ಮುಖ ಹುಳ್ಳಗೆ ಮಾಡಿಕೊಂಡೇ ಇದ್ದ.

“ಹೇಳು,” ಎಂದ.

“ನಮ್ಮಲ್ಲಿಗೆ ಬರೋರು ಡಿಪೋ ಡ್ರೈವರುಗಳು, ಕಂಡಕ್ಟರುಗಳು. ಹೊಲಿಗೆ ಫ್ಯಾಕ್ಟರಿ ಹೆಣ್ಣುಮಕ್ಕಳು. ಮೂರನೇ ಮಹಡಿ ನಾಲ್ಕನೇ ಮಹಡೀಲಿ ಇರೋ ವಯಸ್ಸಾದವರು.”

ಅವನ ಬೆರಳು ಓಡಿದವು. ಅವಳು ಪರದೆಗೆ ಬಗ್ಗಿ ನೋಡಿದಳು. ‘ಸದರಿ ಅಂಗಡಿಗೆ ಮೇಲ್ಕಂಡ ಬಡ ಕೂಲಿಕಾರ್ಮಿಕ ವರ್ಗದವರು ಆಗಮಿಸುವವರಾಗಿದ್ದು’ ಎಂದಿತ್ತು.

“ಸದರಿ ಅಂದ್ರೆ ಯಾರು?”

“ಯಾರೂ ಅಲ್ಲ. ‘ಈ’ ಅಂತ ಅರ್ಥ.”

“ಹಾಗಾದ್ರೆ ‘ಈ’ ಅಂತಲೇ ಹಾಕಿ. ಮತ್ತೆ ಆ ‘ಬಡ’ ತೆಗೀರಿ. ಅವರು ದುಡಿಯೋರು. ಡಾಕ್ಟರ ಚೀಟಿ ತಂದು ದುಡ್ಡು ಕೊಟ್ಟು ತಗೊಂಡು ಹೋಗ್ತಾರೆ.”

‘ಬಡ’ ಹೋಯಿತು. ಸ್ವಲ್ಪ ಹೊತ್ತಿಗೆ ‘ಆಗಮಿಸುವವರಾಗಿದ್ದು’ ಕೂಡ ಹೋಗಿ ಅಲ್ಲಿ ‘ಬರುತ್ತಾರೆ’ ಎಂಬ ಬಿಡಿಮಾತು ಬಂದು ಕುಳಿತಿತು. ಅರ್ಜಿರಾಯನಿಗೆ ತಲೆಯ ಮೇಲಿನ ಪೇಟ ಬಿಚ್ಚಿಟ್ಟಷ್ಟು ಕಸಿವಿಸಿ. ಆದರೂ ಟೈಪು ಮಾಡಿದ. ಡ್ರೈವರುಗಳು ಬೆಳಿಗ್ಗೆ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಿ ಬಸ್ಸು ಹತ್ತುತ್ತಾರೆ, ಆದ್ದರಿಂದ ಈ ಅಂಗಡಿ ಐದಕ್ಕೂ ಮೊದಲು ತೆರೆಯುತ್ತದೆ, ಏನು ತಿಂದಿರಿ ಎಂದು ಕೇಳದೆ ಮಾತ್ರೆ ಕೊಡುವುದಿಲ್ಲ. ಫ್ಯಾಕ್ಟರಿಯಲ್ಲಿ ಊಟಕ್ಕೆ ಅರ್ಧ ಗಂಟೆ ಮಾತ್ರ ಬಿಡುತ್ತಾರೆ, ಆದ್ದರಿಂದ ಹೆಣ್ಣುಮಕ್ಕಳ ತಿಂಗಳ ಔಷಧವನ್ನು ಮೊದಲೇ ಕಟ್ಟಿಟ್ಟಿರುತ್ತದೆ. ಸಣ್ಣ ಅಕ್ಷರ ಕಾಣದವರ ಮಾತ್ರೆಯ ಸ್ಟ್ರಿಪ್ಪಿಗೆ ಬೆಳಗಿನದಕ್ಕೆ ಹಳದಿ ಚೀಟಿ, ರಾತ್ರಿಯದಕ್ಕೆ ನೀಲಿ ಚೀಟಿ.

“ಇದನ್ನೆಲ್ಲ ಮಾಡ್ತಿದ್ದೀಯಾ ನೀನು?”

“ಮತ್ತೆ? ಅಲ್ಲಿ ನಿಂತು ಏನು ನೊಣ ಹೊಡೀತಿದ್ದೆ ಅಂದ್ಕೊಂಡ್ರಾ?”

ಹಾಗೇನೂ ಅಂದುಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ ಏನೂ ಅಂದುಕೊಂಡಿರಲಿಲ್ಲ. ಊರಿನವರ ಗೋಳನ್ನೆಲ್ಲ ಕೇಳಿ ಬರೆದ ಮನುಷ್ಯ, ದೀಪದ ಬುಡದಲ್ಲೇ ಕತ್ತಲೆ ಎನ್ನುವ ಹಾಗೆ, ಮನೆಯಲ್ಲಿ ಹೆಂಡತಿಯ ದಿನ ಹೇಗೆ ಹೋಯಿತು ಎಂದು ಕೇಳಿದ್ದು ಕಡಿಮೆ.

“ಬೇರೆಯವರು ಮಾಡದ್ದು ಏನಿದೆ,” ಎಂದು ಅವಳು ಚೀಟಿ ಓದಿದಳು. “ಬರೀರಿ. ಡಾಕ್ಟರ ಚೀಟೀಲಿ ಅನುಮಾನ ಬಂದ್ರೆ ಅವರಿಗೇ ಫೋನ್ ಮಾಡ್ತೀನಿ. ವಾರಕ್ಕೆ ಎರಡು ಮೂರು ಸಲ ಆಗುತ್ತೆ.”

“ಡಾಕ್ಟರು ಬೈಯಲ್ವಾ?”

“ಮೊದಲು ಬೈತಾರೆ, ಆಮೇಲೆ ಥ್ಯಾಂಕ್ಸ್ ಅಂತಾರೆ. ಕೆಲವರು ಬರೀ ಬೈತಾರೆ.” ಅವಳು ಮುಂದುವರಿಸಿದಳು. “ಬೇಡದ ಔಷಧ ಕೇಳಿದವರಿಗೆ ಕೊಡಲ್ಲ. ದಿನಕ್ಕೆ ನಾಲ್ಕೈದು ಜನ ಬರಿಗೈಲಿ ವಾಪಸ್ ಹೋಗ್ತಾರೆ.”

ಅವನ ಬೆರಳು ನಿಂತವು. “ಲೇ, ಇದು ವ್ಯಾಪಾರದ ಯೋಜನೆ ಕಣೇ. ಇದರಲ್ಲಿ ಮಾರಲ್ಲ ಅಂತ ಯಾರಾದ್ರೂ ಬರೀತಾರಾ?”

“ವಾಪಸ್ ಹೋದವರು ಮತ್ತೆ ನನ್ನ ಹತ್ರಾನೇ ಬರ್ತಾರೆ. ಮನೆಯವರನ್ನೂ ಕರ್ಕೊಂಡು ಬರ್ತಾರೆ. ಅದನ್ನೂ ಬರೀರಿ.”

ಬರೆದ. ಬರೆಯುತ್ತ ಬರೆಯುತ್ತ ಅವನ ಮುಖದ ಹುಳಿ ಇಳಿದಿತ್ತು. ಐದನೆಯ ಪುಟ ಮುಗಿಯುವ ಹೊತ್ತಿಗೆ, ಈ ಕೆಲಸವನ್ನೆಲ್ಲ ಬಿಟ್ಟು ತಾನು ಬರೀ ಮಂಡಿನೋವನ್ನೇ ಬರೆದಿದ್ದೆನಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಇವಳು ತನ್ನ ಹೆಂಡತಿ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಹೆಮ್ಮೆಯೇ ಜಾಸ್ತಿ ಎನ್ನಬೇಕು. ಎದುರಿನ ಅಂಗಡಿಯಿಂದ ಎರಡು ಚಹಾ ತರಿಸಿದ.

ಚಹಾ ಕುಡಿದು ಲೋಟ ಕೆಳಗಿಟ್ಟು ಅವಳು ಕೊನೆಯ ಸಾಲಿಗೆ ಬಂದಳು. ಏನು ಕೆಡಬಹುದು.

“ಕರೆಂಟು ಹೋದ್ರೆ ಫ್ರಿಜ್ಜು ಅಂತ ಹಾಕೋಣ,” ಎಂದ ಅವನು.

“ಅದು ಲೆಕ್ಕದ ಪುಟದಲ್ಲಿ ಬಂತಲ್ಲ. ಇದು ಬೇರೆ. ಬರೀರಿ. ಹನ್ನೊಂದು ವರ್ಷದ ಹಿಂದೆ ನಾನು ಒಬ್ಬ ಅಜ್ಜಿಗೆ ತಪ್ಪು ಮಾತ್ರೆ ಕೊಟ್ಟೆ.”

ಅವನು ತಿರುಗಿ ನೋಡಿದ. ಅವಳು ಪರದೆಯನ್ನೇ ನೋಡುತ್ತಿದ್ದಳು.

“ಬಿ.ಪಿ. ಮಾತ್ರೆ. ಚೀಟೀಲಿ ಎರಡೂವರೆ ಮಿಲಿಗ್ರಾಂ ಇತ್ತು, ನಾನು ಹತ್ತರದ್ದು ಕೊಟ್ಟೆ. ಎರಡೂ ಒಂದೇ ಬಣ್ಣದ ಡಬ್ಬಿ, ಪಕ್ಕಪಕ್ಕ ಇಟ್ಟಿದ್ವಿ. ಬೆಳಿಗ್ಗೆ ತಗೊಂಡು ಹೋದರು. ಸಂಜೆ ಕಪಾಟು ಜೋಡಿಸ್ತಿದ್ದಾಗ ನೋಡ್ತೀನಿ, ಎರಡೂವರೆಯ ಡಬ್ಬಿ ಒಡೆದೇ ಇಲ್ಲ. ಅವರ ಮನೆ ಗೊತ್ತಿಲ್ಲ. ಹೆಂಚಿನ ಕಾರ್ಖಾನೆ ಹಿಂದೆ ಅಂತ ಮಾತ್ರ ಗೊತ್ತು. ಒಂದೊಂದೇ ಬಾಗಿಲು ತಟ್ಟಿ ಕೇಳ್ಕೊಂಡು ಹೋದೆ.”

“ಏನಾಗಿತ್ತು?”

“ತಲೆ ಸುತ್ತಿ ಮಲಗಿದ್ರು. ಒಂದು ನುಂಗಿದ್ರು. ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಬಿ.ಪಿ. ಮೇಲೆ ಬರೋವರೆಗೂ ಪಕ್ಕದಲ್ಲೇ ಕೂತಿದ್ದೆ. ಮಗ ಬಂದಾಗ ನಾನೇ ತಪ್ಪು ಕೊಟ್ಟಿದ್ದು ಅಂತ ಹೇಳಿದೆ. ಅವನು ಅಂದಿದ್ದನ್ನೆಲ್ಲ ಕೇಳ್ಕೊಂಡೆ. ಮರುದಿನ ಅಂಗಡಿ ಯಜಮಾನರು, ಡಬ್ಬಿ ಮೇಲೆ ತಪ್ಪು ಅಚ್ಚಾಗಿತ್ತು ಅಂದ್ಬಿಡು ಅಂದ್ರು. ಅನ್ನಲಿಲ್ಲ.”

ಅರ್ಜಿರಾಯನಿಗೆ ಆ ಸಂಜೆ ನೆನಪಿತ್ತು. ಅವನ ಅಕ್ಕ ಭಾವ ಊಟಕ್ಕೆ ಬಂದಿದ್ದರು. ಅಡುಗೆ ಆಗಿರಲಿಲ್ಲ. ಇವಳು ಕತ್ತಲಾದ ಮೇಲೆ, ಚಪ್ಪಲಿ ಕಿತ್ತುಹೋದ ಕಾಲಲ್ಲಿ ಬಂದಿದ್ದಳು. ಎಲ್ಲರ ಎದುರಿಗೇ ಅವನು, ‘ನಿನಗೆ ಅಂಗಡಿ ಮುಖ್ಯಾನಾ ಮನೆ ಮುಖ್ಯಾನಾ’ ಎಂದು ಕೇಳಿದ್ದ. ಅವಳು ಉತ್ತರ ಕೊಡದೆ ಕೈಕಾಲು ತೊಳೆದು ಒಲೆ ಹಚ್ಚಿದ್ದಳು. ಅವತ್ತು ತಾನು ಮಾತಿನಲ್ಲಿ ಗೆದ್ದೆ ಎಂದೇ ಅವನು ತಿಳಿದಿದ್ದ.

“ನನಗೆ ಹೇಳಬಹುದಿತ್ತಲ್ಲ,” ಎಂದ, ಕೀಬೋರ್ಡಿನಿಂದ ಕೈ ತೆಗೆದು.

“ಹೇಳಿದ್ರೆ ನೀವು ಒಂದು ಕ್ಷಮಾಪಣಾ ಪತ್ರ ಟೈಪ್ ಮಾಡ್ತಿದ್ರಿ,” ಎಂದು ಅವಳು ಸಣ್ಣಗೆ ನಕ್ಕಳು. “ಬರೀರಿ. ಅವತ್ತಿಂದ ಒಂದೇ ಥರದ ಡಬ್ಬಿಗಳನ್ನ ಒಂದೇ ಸಾಲಲ್ಲಿ ಇಡಲ್ಲ. ಸ್ಟ್ರಿಪ್ಪನ್ನ ಚೀಟಿ ಪಕ್ಕ ಹಿಡಿದು ಇನ್ನೊಂದು ಸಲ ಓದ್ತೀನಿ. ಮಾತ್ರೆ ಕೈಗೆ ಕೊಟ್ಟ ಮೇಲೆ, ಇದು ಯಾವುದಕ್ಕೆ, ಯಾವಾಗ ತಗೋಬೇಕು ಅಂತ ಅವರ ಬಾಯಿಂದಲೇ ಹೇಳಿಸ್ತೀನಿ. ಹೇಳೋಕೆ ಆಗದೆ ಇದ್ರೆ ಮತ್ತೆ ಮೊದಲಿಂದ.”

“ಇದು ಬೇಡ ಕಣೇ,” ಎಂದ ಅವನು. ಈಗ ಅವನೊಳಗಿನ ಮೂವತ್ತೊಂದು ವರ್ಷದ ಅನುಭವ ಮಾತನಾಡುತ್ತಿತ್ತು. “ಕ್ರಮ ಇರಲಿ. ಆ ಅಜ್ಜಿ ವಿಷಯ ಬೇಡ. ಫೈಲಲ್ಲಿ ಒಂದು ಸಲ ಹೋಯ್ತು ಅಂದ್ರೆ ಹೋಯ್ತು. ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿ ಹಾಕ್ಕೊಂಡ ಹಾಗೆ.”

“ಅದನ್ನ ತೆಗೆದ್ರೆ ಮಿಕ್ಕಿದ್ದೆಲ್ಲ ಬರೀ ಜಂಬ ಆಗುತ್ತೆ ರೀ. ನಾನು ಯಾಕೆ ಹೀಗೆ ಮಾಡ್ತೀನಿ ಅಂತ ಯಾರಿಗೂ ತಿಳಿಯಲ್ಲ.”

ಅವನು ಬರೆದ. ಒಂದಕ್ಷರ ಬದಲಿಸದೆ, ‘ಸದರಿ’ಯೂ ಇಲ್ಲದೆ, ಅವಳು ಹೇಳಿದ ಹಾಗೇ ಬರೆದ. ಅದು ಆರನೆಯ ಪುಟವಾಯಿತು. ಆದರೆ ಅವಳು ಮನೆಗೆ ಹೋದ ಮೇಲೆ ಅವನು ಇನ್ನೊಂದು ಕೆಲಸ ಮಾಡಿದ. ಆರನೆಯ ಪುಟವಿಲ್ಲದ ಇನ್ನೊಂದು ಪ್ರತಿ ತೆಗೆದು, ಒಟ್ಟು ಪುಟ ಐದು ಎಂದು ತಿದ್ದಿ, ಪಿನ್ನು ಹೊಡೆದು ಚೀಲದ ಒಳಜೇಬಿಗೆ ಇಟ್ಟುಕೊಂಡ. ಯಾವ ಕಚೇರಿಗೇ ಹೋಗಲಿ, ಸಾಹೇಬರು ಬೇಡ ಎನ್ನಬಹುದಾದ್ದನ್ನು ಮೊದಲೇ ಊಹಿಸಿ ಅದಿಲ್ಲದ ಪ್ರತಿಯೊಂದು ಕೈಯಲ್ಲಿರಬೇಕು. ಈ ಉಪಾಯದಿಂದ ಅವನ ಎಷ್ಟೋ ಗಿರಾಕಿಗಳ ಕೆಲಸ ಆಗಿತ್ತು.

ಶುಕ್ರವಾರ ಬ್ಯಾಂಕಿನಲ್ಲಿ ಜನ ಜಾಸ್ತಿ ಇತ್ತು. ಸಣ್ಣ ಶಾಖೆ; ಮ್ಯಾನೇಜರ ಮೇಜಿಗೂ ಪಾಸ್‌ಬುಕ್ಕಿನ ಸಾಲಿಗೂ ನಡುವೆ ಸೊಂಟದೆತ್ತರದ ಮರದ ತಡಿಕೆ ಮಾತ್ರ. ಸಾಲಿನಲ್ಲಿ ನಿಂತವರು ತಡಿಕೆಗೆ ಮೊಣಕೈ ಊರಿ, ಒಳಗೆ ಯಾರಿಗೆ ಸಾಲ ಸಿಕ್ಕಿತು ಯಾರಿಗೆ ಬೈಗುಳ ಸಿಕ್ಕಿತು ಎಂದು ನೋಡಿಕೊಂಡು ಕಾಲ ಕಳೆಯುತ್ತಿದ್ದರು.

ಮೇಡಂ ಒಂದೊಂದೇ ಪುಟ ತಿರುಗಿಸಿದರು. ಪೆನ್ಸಿಲು ಕೈಯಲ್ಲಿತ್ತು, ಕೆಳಗಿಳಿಯಲಿಲ್ಲ. ಹಳದಿ ಚೀಟಿ ನೀಲಿ ಚೀಟಿ ಇದ್ದ ಕಡೆ ತಲೆಯಾಡಿಸಿದರು. ಬರಿಗೈಲಿ ವಾಪಸ್ ಹೋಗುವವರ ಸಾಲನ್ನು ಎರಡು ಸಲ ಓದಿ, “ಧೈರ್ಯ ಇದೆ,” ಎಂದರು. ಅರ್ಜಿರಾಯನ ಎದೆ ಅಂಗಿಯೊಳಗೆ ಹಿಡಿಯದಷ್ಟು ಉಬ್ಬಿತು. ಆಮೇಲೆ ಅವರು ಆರನೆಯ ಪುಟಕ್ಕೆ ಬಂದರು. ಅದನ್ನು ಓದಿ ತಲೆಯೆತ್ತಿದರು.

“ಇದು ನಿಜಾನಾ?”

“ಹೌದು ಮೇಡಂ,” ಎಂದಳು ಅವಳು.

“ಆ ಅಜ್ಜಿ?”

“ಇದ್ದಾರೆ. ಪ್ರತಿ ತಿಂಗಳು ಒಂದನೇ ತಾರೀಕು ಬರ್ತಾರೆ. ‘ಇವತ್ತಾದ್ರೂ ಬದುಕಿಸ್ತೀಯೇನೇ’ ಅಂತ ಕೇಳಿ ಮಾತ್ರೆ ತಗೋತಾರೆ.”

ಮೇಡಂ ಪೆನ್ಸಿಲನ್ನು ಆ ಪುಟದ ಮೇಲೆ ಅಡ್ಡ ಇಟ್ಟರು. “ನೋಡಿ, ನನಗೆ ನಿಮ್ಮ ಮೇಲೆ ನಂಬಿಕೆ ಬಂದಿದೆ. ಆದರೆ ಫೈಲು ನನ್ನ ಹತ್ರಾನೇ ಇರಲ್ಲ. ಮೇಲಿನ ಆಫೀಸಿನಲ್ಲಿ ತಪಾಸಣೆ ಮಾಡೋರಿಗೆ ನೀವು ಕಾಣಲ್ಲ, ಈ ಕಾಗದ ಮಾತ್ರ ಕಾಣುತ್ತೆ. ತಪ್ಪು ಔಷಧ ಕೊಟ್ಟವರಿಗೆ ಯಾಕೆ ಸಾಲ ಕೊಟ್ರಿ ಅಂತ ಒಂದು ಪ್ರಶ್ನೆ ಬಂದ್ರೆ ತಿಂಗಳುಗಟ್ಟಲೆ ನಿಲ್ಲುತ್ತೆ. ಇದೊಂದು ಪುಟ ತೆಗೀರಿ. ಈಗಲೇ ಸಹಿ ಹಾಕ್ತೀನಿ.”

ಅವಳು ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ತಿಂಗಳ ಕೊನೆಗೆ ಇನ್ನು ಐದು ದಿನ ಇತ್ತು.

ಅರ್ಜಿರಾಯನ ಕೈ ಅಭ್ಯಾಸಬಲದಿಂದ ಚೀಲದ ಒಳಜೇಬಿಗೆ ಹೋಯಿತು. ಪಿನ್ನು ಹೊಡೆದ ಪ್ರತಿ ಬೆರಳಿಗೆ ತಾಗಿತು. ತೆಗೆದು ಮೇಜಿನ ಮೇಲಿಟ್ಟರೆ ಸಾಕಿತ್ತು. ‘ಇದೋ ಮೇಡಂ, ತಾವು ಹೇಳುವ ಮೊದಲೇ’ ಎಂಬ ಮಾತೂ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವನು ಹೆಂಡತಿಯ ಕಡೆ ನೋಡಿದ. ಆ ಸಂಜೆ ಒಲೆಯ ಮುಂದೆ ನಿಂತಾಗ ಇದ್ದ ಹಾಗೇ ಇತ್ತು ಅವಳ ಬೆನ್ನು. ಅವತ್ತು ಅದು ಮೊಂಡುತನ ಎಂದು ಅವನು ತಿಳಿದಿದ್ದ.

ಕೈ ಖಾಲಿಯಾಗಿ ಹೊರಗೆ ಬಂತು.

“ಆ ಪುಟ ಇರ್ಲಿ ಮೇಡಂ,” ಎಂದ.

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಕುರ್ಚಿಯಲ್ಲಿ ಕುಳಿತ ಅಧಿಕಾರಿಯೊಬ್ಬರಿಗೆ ಅವನು ಬೇಡ ಎಂದದ್ದು ಹುಟ್ಟಿದಾಗಿನಿಂದ ಇದೇ ಮೊದಲು.

“ನೀವೇ ಹೇಳ್ತಿದ್ದೀರಾ?” ಎಂದರು ಮೇಡಂ. “ಫೈಲಲ್ಲಿ ಏನಿರಬೇಕು ಏನಿರಬಾರದು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?”

ವಾದ ಅವನ ಕಸುಬಲ್ಲ. ಅವನಿಗೆ ಗೊತ್ತಿದ್ದದ್ದು ಎರಡೇ, ಟೈಪು ಮಾಡುವುದು ಮತ್ತು ಟೈಪು ಮಾಡಿದ್ದನ್ನು ಗಿರಾಕಿಗೆ ಗಟ್ಟಿಯಾಗಿ ಓದಿ ಹೇಳುವುದು. ಅವನ ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಕಿವಿ ಮಂದ. ಆದ್ದರಿಂದ ಅವನ ಓದು ಬೀದಿಯ ಆಚೆಗೂ ಕೇಳುವಂಥದ್ದು.

“ಓದ್ತೀನಿ ಮೇಡಂ,” ಎಂದು ಆರನೆಯ ಪುಟವನ್ನು ಎತ್ತಿಕೊಂಡ.

“ನಾನು ಓದಿದೆನಲ್ಲ.”

“ಒಂದ್ಸಲ ಕೇಳಿ.”

ಕನ್ನಡಕ ಸರಿಮಾಡಿಕೊಂಡು, ಎದ್ದು ನಿಂತು, ಓದತೊಡಗಿದ. ‘ಹನ್ನೊಂದು ವರ್ಷದ ಹಿಂದೆ ನಾನು ಒಬ್ಬ ಅಜ್ಜಿಗೆ ತಪ್ಪು ಮಾತ್ರೆ ಕೊಟ್ಟೆ. ಡಬ್ಬಿಗಳ ಬಣ್ಣ ಒಂದೇ ಇತ್ತು. ಆದರೆ ಓದಿ ಕೊಡುವುದು ನನ್ನ ಕೆಲಸ, ನಾನು ಓದಲಿಲ್ಲ.’ ತಡಿಕೆಯ ಆಚೆ ಮಾತು ನಿಂತಿತು. ಪಾಸ್‌ಬುಕ್ಕು ಮುದ್ರಿಸುವ ಯಂತ್ರ ಒಂದೇ ಕರಕರ ಎನ್ನುತ್ತಿತ್ತು, ಆಮೇಲೆ ಅದೂ ನಿಂತಿತು. ಬಾಗಿಲು ತಟ್ಟಿದ್ದು, ಆಟೋ, ಆಸ್ಪತ್ರೆ, ಮಗನಿಗೆ ನಿಜ ಹೇಳಿದ್ದು. ಎರಡು ಕಡೆ ಸಾಲು ತಪ್ಪಿತು. ಆ ಸಾಲನ್ನು ಬೆರಳಿಟ್ಟು ಮತ್ತೆ ಮೊದಲಿಂದ ಓದಿದ. ‘ಇನ್ನು ಮುಂದೆ ನನ್ನಿಂದ ತಪ್ಪೇ ಆಗುವುದಿಲ್ಲ ಎಂದು ನಾನು ಬರೆದುಕೊಡಲಾರೆ. ಆದರೆ ತಪ್ಪಾದರೆ ಅದು ನನ್ನ ಕಣ್ಣಿಗೇ ಮೊದಲು ಬೀಳುವ ಹಾಗೆ ಈ ಅಂಗಡಿ ನಡೆಯುತ್ತದೆ. ಕಂಡ ಕೂಡಲೇ ನಾನೇ ಅವರ ಮನೆಯ ಬಾಗಿಲಿಗೆ ಹೋಗುತ್ತೇನೆ.’

ಓದಿ ಮುಗಿಸಿ ಪುಟವನ್ನು ಅದರ ಜಾಗಕ್ಕೆ ಸೇರಿಸಿ ಕುಳಿತ. ಹೆಂಡತಿ ಅವನ ಕಡೆ ತಿರುಗಿರಲಿಲ್ಲ. ಆದರೆ ಅವಳ ಮುಖ ಕಿವಿಯವರೆಗೂ ಕೆಂಪಾಗಿತ್ತು.

“ಅಮ್ಮಾ,” ಎಂದಿತು ತಡಿಕೆಯ ಆಚೆಯಿಂದ ಒಂದು ದನಿ.

ಪಾಸ್‌ಬುಕ್ಕಿನ ಸಾಲಿನಲ್ಲಿ ನಾಲ್ಕನೆಯವನಾಗಿದ್ದ ಮುದುಕ. ಕೈಯಲ್ಲಿ ಬಟ್ಟೆಯ ಚೀಲ. ಅವನು ಮ್ಯಾನೇಜರರನ್ನು ಕರೆಯುತ್ತಿರಲಿಲ್ಲ. ಮಾತ್ರೆ ಅಕ್ಕನನ್ನು ನೋಡುತ್ತಿದ್ದ.

“ಈ ಅಂಗಡಿ ಎಲ್ಲಿ ಬರುತ್ತಮ್ಮ?”

“ಡಿಪೋ ಹಿಂದೆ ತಾತ. ಹಳೇ ಬೇಕರಿ ಇತ್ತಲ್ಲ, ಅಲ್ಲಿ,” ಎಂದವಳು, ಬಾಯಿ ತಪ್ಪಿ ಆಡಿಬಿಟ್ಟೆನೇನೋ ಎಂಬಂತೆ ಮೇಡಂ ಕಡೆ ನೋಡಿದಳು.

“ಯಾವತ್ತು ತೆಗೀತೀರಾ?” ಎಂದು ಮುದುಕನ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಕೇಳಿದಳು.

ಮೇಡಂ ಸಾಲಿನ ಕಡೆ ಒಮ್ಮೆ, ಫೈಲಿನ ಕಡೆ ಒಮ್ಮೆ ನೋಡಿದರು. ಪೆನ್ಸಿಲನ್ನು ಡ್ರಾಯರಿಗೆ ಹಾಕಿ ಪೆನ್ನು ತೆಗೆದರು. “‘ಬರುವವರು ಯಾರು’ ಅನ್ನೋದಕ್ಕೆ ಉತ್ತರ ಫೈಲಲ್ಲೂ ಬಂತು, ಸಾಲಲ್ಲೂ ಬಂತು,” ಎಂದರು ಒಣದನಿಯಲ್ಲಿ. “ಇರಲಿ. ಮೇಲಿನವರು ಕೇಳಿದ್ರೆ ನಾನು ಉತ್ತರ ಹೇಳ್ಕೋತೀನಿ. ನನಗೂ ಇಲ್ಲಿ ಇನ್ನು ಎಂಟು ತಿಂಗಳು.” ಮೊದಲ ಪುಟದ ಕೆಳಗೆ ಸಹಿ ಹಾಕಿದರು. ಎರಡನೆಯದಕ್ಕೆ ಹಾಕಿದರು. ಪ್ರತಿ ಪುಟಕ್ಕೂ ಹಾಕುತ್ತ, ಕೊನೆಗೆ ಆರನೆಯದಕ್ಕೂ ಹಾಕಿ, ಸೀಲಿನ ಡಬ್ಬಿಯ ಮುಚ್ಚಳ ತೆರೆದರು.

ಅಷ್ಟರಲ್ಲಿ ಮುದುಕ ಸಾಲು ಬಿಟ್ಟು, ತಡಿಕೆಯ ಪುಟ್ಟ ಬಾಗಿಲು ತಳ್ಳಿಕೊಂಡು ಒಳಗೇ ಬಂದಿದ್ದ. ಯಾರೂ ತಡೆಯಲಿಲ್ಲ. ಬಟ್ಟೆಯ ಚೀಲದ ಬಾಯಿ ಬಿಚ್ಚಿ ಒಂದೊಂದೇ ಸ್ಟ್ರಿಪ್ಪು ಹೊರತೆಗೆದ. ಅರ್ಧ ಮುಗಿದವು, ಅಂಚು ಕತ್ತರಿಸಿಹೋದವು, ಹೆಸರೇ ಕಾಣದವು. ಹಿಡಿದುಕೊಳ್ಳಲು ಕೈ ಸಾಲದೆ ಎಲ್ಲಿಡಲಿ ಎಂದು ಸುತ್ತ ನೋಡಿದ. ಅರ್ಜಿರಾಯ ಸಹಿಯಾದ ಫೈಲನ್ನು ಎರಡೂ ಕೈಯಿಂದ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಮೇಜಿನ ಮೇಲೆ ಜಾಗ ಮಾಡಿಕೊಟ್ಟ.

ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಸ್ಟ್ರಿಪ್ಪುಗಳನ್ನು ತಿರುವಿಹಾಕಿ, ಒಂದನ್ನು ಬೆಳಕಿಗೆ ಹಿಡಿದು ಓದಿ, ಮುದುಕನ ಅಂಗೈಯಲ್ಲಿಟ್ಟಳು.

“ಇದು ಯಾವುದಕ್ಕೆ ತಗೋತಿದ್ದೀರಾ ತಾತ? ನೀವು ಹೇಳಿ, ನಾನು ಕೇಳ್ತೀನಿ.”

ಮುದುಕ ಅಂಗೈ ನೋಡಿಕೊಂಡು ಯೋಚಿಸಿದ. ಸೀಲು ಹಿಡಿದ ಮೇಡಂ ಕೈಯೂ ಹಾಗೇ ನಿಂತಿತ್ತು, ಅವನು ಹೇಳಲೆಂದು.